ಪಾಪದ ಪಟ್ಟಿಯಲ್ಲಿ ಸ್ವಭಾವವೂ ಸೇರಿಕೊಂಡಾಗ

ಪ್ರಶ್ನೆ: ಅಯ್ಯನವರೇ, ನಾನು ಗದಗ ಕಡೆಯವಳು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 31. ಆತ್ಮಪರೀಕ್ಷೆ ಮಾಡಿಕೊಳ್ಳಬೇಕು ಅಂತ ಕನ್ಫರ್ಮೇಶನ್ ಕ್ಲಾಸಿನಲ್ಲಿ (ಸಭೆಯ ಪೂರ್ಣ ಸದಸ್ಯರಾಗುವ ಮುಂಚಿನ ಪಾಠದಲ್ಲಿ) ಹೇಳಿಕೊಟ್ಟಾಗಿನಿಂದ ರಾತ್ರಿ ಮಲಗುವ ಮುಂಚೆ ಆ ದಿನದ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೊದಲು ನಾಲ್ಕು ಸಾಲು ಇರುತ್ತಿತ್ತು, ಈಗ ಪುಟ ತುಂಬುತ್ತದೆ. ಕ್ಲಾಸಿನ ಮಕ್ಕಳ ಮೇಲೆ ರೇಗಿದ್ದು, ಪ್ರಾರ್ಥನಾ ಕೂಟದಲ್ಲಿ ಬಾಯಿ ಬಿಡದೆ ಕೂತಿದ್ದು, ಬೈಬಲ್ ಓದುವಾಗ ನಿದ್ದೆ ಬಂದಿದ್ದು, ಪಕ್ಕದ ಮನೆಯವರ ಹೊಸ ಸೀರೆ ನೋಡಿ ಆಸೆಪಟ್ಟಿದ್ದು, ನಮ್ಮಮ್ಮನಿಗೆ ದುಡ್ಡು ಕಳಿಸಿ ಅತ್ತೆಯ ಹತ್ತಿರ ಕಳಿಸಿಲ್ಲ ಅಂದಿದ್ದು, ಜನ ಜಾಸ್ತಿ ಇರುವ ಕಡೆ ಹೋಗೋಕೆ ಮನಸ್ಸಾಗದೆ ಇದ್ದಿದ್ದು, ಎಲ್ಲ ಬರೆಯುತ್ತೇನೆ. ಈಚೆಗೆ ಮೂರು ಸಲ ಕರ್ತನ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತಗೊಳ್ಳದೆ ಹಿಂದೆಯೇ ಕೂತೆ. ನನ್ನ ನಾದಿನಿ ಚೆನ್ನಾಗಿ ಹಾಡುತ್ತಾಳೆ, ಎದ್ದು ನಿಂತು ದೇವರು ತನಗೆ ಮಾಡಿದ್ದರ ಬಗ್ಗೆ ಸಾಕ್ಷಿ ಹೇಳುತ್ತಾಳೆ. ಅವಳ ಹಾಗೆ ಆಗಬೇಕು ಅಂತ ಪ್ರಯತ್ನಪಟ್ಟು ಸೋತೆ. ನಾನು ಇರುವ ಹಾಗೇ ನೆಮ್ಮದಿಯಾಗಿ ಇದ್ದುಬಿಡುವುದು ತಪ್ಪಾ? ಅದು ಸೋಮಾರಿತನ ಅಲ್ವಾ?

ಉತ್ತರ: ಸಹೋದರಿ, ನೀವು ಬರೆದ ಪಟ್ಟಿಯಲ್ಲಿ ಆರು ವಿಷಯಗಳಿವೆ. ಅದರಲ್ಲಿ ಪಾಪ ಅಂತ ನಾನು ಒಪ್ಪುವುದು ಎರಡನ್ನು ಮಾತ್ರ. ಮಕ್ಕಳ ಮೇಲೆ ರೇಗಿದ್ದು, ಅತ್ತೆಗೆ ಸುಳ್ಳು ಹೇಳಿದ್ದು. ಸೀರೆಯದನ್ನು ಬೇಕಾದರೆ ಅರ್ಧ ಅಂತ ಇಟ್ಟುಕೊಳ್ಳೋಣ. ಬೇರೆಯವರದಕ್ಕೆ ಆಸೆಪಡಬೇಡ ಅನ್ನುವ ಹತ್ತನೇ ಆಜ್ಞೆ ನೆನಪಿಸಿ ಯಾರಾದರೂ ನನಗೆ ಪತ್ರ ಬರೆಯುವ ಮುಂಚೆ ಹೇಳಿಬಿಡುತ್ತೇನೆ: ಚೆಂದದ ಸೀರೆ ಚೆಂದ ಅನ್ನಿಸುವುದು ಪಾಪ ಅಲ್ಲ. ಅವಳಿಗಿದೆ, ನನಗಿಲ್ಲ ಅಂತ ಅವಳ ಮೇಲೆ ಹೊಟ್ಟೆ ಉರಿದರೆ ಆಗ ಮಾತಾಡೋಣ.

ಉಳಿದ ಮೂರು? ಬೆಳಗ್ಗೆ ಎದ್ದು ಅಡುಗೆ ಮಾಡಿ, ದಿನವಿಡೀ ಪಾಠ ಹೇಳಿ, ಮತ್ತೆ ಅಡುಗೆ ಮಾಡಿ, ಪಾತ್ರೆ ತೊಳೆದು ರಾತ್ರಿ ಬೈಬಲ್ ತೆರೆದವರಿಗೆ ನಿದ್ದೆ ಬರುತ್ತದೆ. ಅದು ದೇಹದ ಸುಸ್ತು. ಕೂಟದಲ್ಲಿ ಮೌನವಾಗಿ ಕೂರುವುದು, ಗದ್ದಲಕ್ಕೆ ಹೋಗಲು ಮನಸ್ಸಾಗದೆ ಇರುವುದು, ಇವು ನಿಮ್ಮ ಸ್ವಭಾವ. ಇವನ್ನು ಕ್ಷಮಿಸು ಅಂತ ದೇವರ ಹತ್ತಿರ ಕೇಳುವುದಕ್ಕೆ ಏನೂ ಇಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಇನ್ನೊಂದಿದೆ. ಅಷ್ಟು ಸಾಲುಗಳ ನಡುವೆ ಅತ್ತೆಗೆ ಹೇಳಿದ ಸುಳ್ಳೂ ಒಂದು ಸಾಲಾಗಿ ಕೂತಿದೆ. ನಿದ್ದೆಗೆ ಎಷ್ಟು ತೂಕವೋ ಅದಕ್ಕೂ ಅಷ್ಟೇ ತೂಕ. ರಾತ್ರಿ ಬರೆದಿರಿ, ಅತ್ತಿರಿ, ಮಲಗಿದಿರಿ. ಆದರೆ ಬೆಳಗ್ಗೆ ಎದ್ದು ಆ ಗಂಟು ಬಿಚ್ಚಲು ಏನಾದರೂ ಮಾಡಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಅತಿಯಾದ ಆತ್ಮಪರೀಕ್ಷೆ ಮಾಡುವ ಮೋಸವೇ ಇದು. ಪಟ್ಟಿ ಉದ್ದ ಆದಷ್ಟೂ ನಿಜವಾದ ಪಾಪ ಅದರೊಳಗೆ ಅಡಗಿ ಕೂರುತ್ತದೆ. ಯೇಸು ಆ ಕಾಲದ ಯೆಹೂದ್ಯ ಧರ್ಮಮುಖಂಡರಾದ ಶಾಸ್ತ್ರಿಗಳಿಗೂ ಫರಿಸಾಯರಿಗೂ ಬೈದಿದ್ದು ಇದಕ್ಕೇ (ಮತ್ತಾಯ 23). ಪುದೀನ, ಸಬ್ಬಸಿಗೆ, ಜೀರಿಗೆಯಲ್ಲಿ ಕೂಡ ಹತ್ತನೇ ಒಂದು ಪಾಲು ಅಳೆದು ಕೊಡುತ್ತೀರಿ, ನ್ಯಾಯ ಮತ್ತು ಕರುಣೆಯನ್ನು ಬಿಟ್ಟುಬಿಡುತ್ತೀರಿ ಅಂದ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುತ್ತೀರಿ ಅಂದ. ನೀವು ಫರಿಸಾಯಳು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಅದನ್ನೂ ಇವತ್ತು ರಾತ್ರಿ ಬರೆದುಕೊಳ್ಳಬೇಡಿ. ಸೊಳ್ಳೆ ಸೋಸುವ ಕೆಲಸ ನಿಲ್ಲಿಸಿ ಅನ್ನುತ್ತಿದ್ದೇನೆ ಅಷ್ಟೇ.

ಆ ದುಡ್ಡಿನ ವಿಷಯ ಇಲ್ಲೇ ಮುಗಿಸೋಣ. ದುಡಿಯುವುದು ನೀವು. ಹೆತ್ತವಳಿಗೆ ಕಳಿಸುವುದು ತಪ್ಪಲ್ಲ, ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಐದನೇ ಆಜ್ಞೆ ನಿಮ್ಮ ಕಡೆಗೇ ಇದೆ. ತಪ್ಪಾಗಿದ್ದು ಸುಳ್ಳು. ಅದರ ಹಿಂದೆ ಇರುವುದು ಹೆದರಿಕೆ. ಮೊದಲು ಯಜಮಾನರ ಹತ್ತಿರ ಕೂತು ಮಾತಾಡಿ. ಇಂತಿಷ್ಟು ತಿಂಗಳಿಗೆ ಕಳಿಸುತ್ತೇನೆ ಅಂತ ಇಬ್ಬರೂ ಒಪ್ಪಿಕೊಂಡು, ಆಮೇಲೆ ಅತ್ತೆಗೆ ಹೇಳಿ, ಸಾಧ್ಯವಾದರೆ ಯಜಮಾನರ ಬಾಯಿಂದಲೇ ಹೇಳಿಸಿ. ಒಂದು ದಿನ ಮನೆಯಲ್ಲಿ ಮುಖ ಊದಿಕೊಳ್ಳಬಹುದು. ಪ್ರತಿ ತಿಂಗಳೂ ಬಚ್ಚಿಡುವುದಕ್ಕಿಂತ ಅದೇ ವಾಸಿ.

ಈಗ ಕರ್ತನ ಭೋಜನದ ವಿಷಯ. ನೀವು ಹಿಂದೆ ಕೂತಿದ್ದು 1 ಕೊರಿಂಥ 11ನೇ ಅಧ್ಯಾಯಕ್ಕೆ ಹೆದರಿ ಅಂತ ಗೊತ್ತಾಗುತ್ತದೆ. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ, ಅಯೋಗ್ಯವಾಗಿ ಉಂಡವನು ತನಗೇ ನ್ಯಾಯತೀರ್ಪನ್ನು ತಂದುಕೊಳ್ಳುತ್ತಾನೆ ಅಂತ ಬರುವ ಭಾಗ. ಭೋಜನಕ್ಕೆ ಮುಂಚೆ ಅದನ್ನು ಓದುವುದು ಕೇಳಿ ನಡುಗಿದವರು ನೀವೊಬ್ಬರೇ ಅಲ್ಲ. ಆದರೆ ಅಧ್ಯಾಯವನ್ನು 17ನೇ ವಚನದಿಂದ ಓದಿ. ಕೊರಿಂಥದ ಸಭೆಯಲ್ಲಿ ಆಗ ನಡೆಯುತ್ತಿದ್ದದ್ದು ಏನು? ಸುಮಾರು ಕ್ರಿ.ಶ. 55ರ ಮಾತು ಇದು. ವಿಶ್ವಾಸಿಗಳು ಯಾರದಾದರೂ ಮನೆಯಲ್ಲಿ ಸೇರಿ ನಿಜವಾದ ಊಟವನ್ನೇ ಮಾಡುತ್ತಿದ್ದರು. ಉಳ್ಳವರು ಕಾಯದೆ ತಮ್ಮ ತಮ್ಮ ಊಟ ಉಂಡುಬಿಡುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಕುಡಿದು ಅಮಲು, ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಈ ಪತ್ರ ಬರೆದ ಅಪೊಸ್ತಲ ಪೌಲ ಗದರುತ್ತಾನೆ. ಅಧ್ಯಾಯದ ಕೊನೆಗೆ ಕೊಡುವ ಪರಿಹಾರವೂ ಎಷ್ಟು ಸಾದಾ ನೋಡಿ: ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ.

ಅಂದರೆ ಆ ಪರೀಕ್ಷೆಯ ಮೊದಲ ಪ್ರಶ್ನೆ, ನನ್ನ ಪಕ್ಕದಲ್ಲಿ ಕೂತವರನ್ನು ನಾನು ಹೇಗೆ ನಡೆಸಿಕೊಂಡೆ ಎಂಬುದು. ನನ್ನ ಮನಸ್ಸಿನಲ್ಲಿ ಎಷ್ಟು ಕೆಟ್ಟ ಯೋಚನೆ ಹಾದುಹೋಯಿತು ಎಂಬ ಎಣಿಕೆಯಿಂದ ಅದು ಶುರುವಾಗುವುದಿಲ್ಲ. 28ನೇ ವಚನವನ್ನು ಪೂರ್ತಿ ಓದಿದರೆ ಇನ್ನೊಂದು ಕಾಣುತ್ತದೆ. ಪರೀಕ್ಷಿಸಿಕೊಂಡು ಉಣ್ಣಲಿ ಅಂತ ಇದೆ. ಪರೀಕ್ಷಿಸಿಕೊಂಡು ದೂರ ಕೂರಲಿ ಅಂತ ಇಲ್ಲ. ಯಾರ ಜೊತೆಗಾದರೂ ಮನಸ್ತಾಪ ಇದ್ದರೆ ಶನಿವಾರವೇ ಫೋನ್ ಮಾಡಿ ಸರಿಮಾಡಿಕೊಳ್ಳಿ. ಭಾನುವಾರ ಎದ್ದು ಮುಂದೆ ಹೋಗಿ. ಪಾಪವೇ ಇಲ್ಲದವರು ಮಾತ್ರ ಬರಬೇಕು ಅಂದಿದ್ದರೆ ರೊಟ್ಟಿ ಮುರಿಯುವ ನಾನೂ ಅಲ್ಲಿ ನಿಲ್ಲುವ ಹಾಗಿರಲಿಲ್ಲ.

ಇನ್ನು ಆತ್ಮಪರೀಕ್ಷೆಯನ್ನು ಬಿಟ್ಟೇಬಿಡಬೇಕಾ ಅಂದರೆ, ಇಲ್ಲ. ಮಾಡುವ ದಾರಿ ಬದಲಾಗಬೇಕು. 139ನೇ ಕೀರ್ತನೆಯನ್ನು ನೋಡಿ. ದೇವರೇ, ನನ್ನನ್ನು ಶೋಧಿಸಿ ನನ್ನ ಹೃದಯ ತಿಳಿದುಕೋ ಅನ್ನುವ ಪ್ರಾರ್ಥನೆ ಬರುವುದು 23ನೇ ವಚನದಲ್ಲಿ. ಅದಕ್ಕೆ ಮುಂಚೆ, 14ನೇ ವಚನದಲ್ಲಿ, ನೀನು ನನ್ನನ್ನು ಅದ್ಭುತವಾಗಿ ರಚಿಸಿದ್ದೀ ಅಂತ ಕೊಂಡಾಡಿ ಆಗಿರುತ್ತದೆ. ಕೂತದ್ದು, ಎದ್ದದ್ದು ಎಲ್ಲ ಅವನಿಗೆ ಗೊತ್ತು ಅಂತ ಮೊದಲೇ ಹೇಳಿ ಆಗಿರುತ್ತದೆ. ಮೊದಲು ಕೃತಜ್ಞತೆ, ಆಮೇಲೆ ಶೋಧನೆ. ಶೋಧಿಸುವವನೂ ದೇವರೇ. ನಾನೇ ಪೊಲೀಸು, ನಾನೇ ಕಳ್ಳ, ನಾನೇ ಜಡ್ಜು ಆಗುವ ಏರ್ಪಾಡು ಅಲ್ಲಿಲ್ಲ. ಪೌಲನಂತೂ ಇನ್ನೂ ಖಡಕ್ಕಾಗಿ ಹೇಳುತ್ತಾನೆ. ನನ್ನನ್ನು ನಾನೇ ವಿಚಾರಿಸಿ ತೀರ್ಪು ಕೊಡುವುದಿಲ್ಲ, ನನ್ನ ಮನಸ್ಸು ಚುಚ್ಚದೇ ಇದ್ದರೂ ಅದರಿಂದ ನಾನು ನೀತಿವಂತ ಅಂತ ಆಗುವುದಿಲ್ಲ, ನನ್ನನ್ನು ವಿಚಾರಿಸುವವನು ಕರ್ತನೇ ಅನ್ನುವುದು ಅವನ ಮಾತಿನ ತಿರುಳು (1 ಕೊರಿಂಥ 4). ಚುಚ್ಚದ ಮನಸ್ಸು ಕೊನೆಯ ತೀರ್ಪಲ್ಲ ಅಂದಮೇಲೆ, ಸುಮ್ನೆ ಚುಚ್ಚುತ್ತಲೇ ಇರುವ ಮನಸ್ಸೂ ಕೊನೆಯ ತೀರ್ಪಲ್ಲ.

ನಾವು ಸಿಎಸ್‌ಐನವರು, ಕಥೋಲಿಕರ ಉದಾಹರಣೆ ಯಾಕೆ ಅಂತ ನಿಮಗೆ ಅನ್ನಿಸಬಹುದು. ಆದರೂ ಈ ವಿಷಯದಲ್ಲಿ ಲೊಯೋಲದ ಇಗ್ನಾಸಿಯಸ್ ಅವರನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುಮಾಡಿದ ಯೇಸುಸಭೆ (ಜೆಸ್ವಿಟ್ ಗುರುಗಳ ಸಂಘ) ಇದೆಯಲ್ಲ, ಅದನ್ನು ಸ್ಥಾಪಿಸಿದವರು ಅವರು. ಸ್ಪೇನ್ ದೇಶದ ಬಾಸ್ಕ್ ಸೀಮೆಯವರು. 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಮನಸ್ಸು ದೇವರ ಕಡೆ ತಿರುಗಿತು. ಮಾರನೇ ವರ್ಷ ಮನ್ರೇಸ ಎಂಬ ಊರಿನಲ್ಲಿ ಉಳಿದುಕೊಂಡು ತಮ್ಮ ಹಳೆಯ ಪಾಪಗಳನ್ನೆಲ್ಲ ಗುರುಗಳ ಮುಂದೆ ನಿವೇದಿಸಿಕೊಂಡರು. ಆದರೂ ನೆಮ್ಮದಿ ಇಲ್ಲ. ಏನೋ ಒಂದನ್ನು ಬಿಟ್ಟೆನಾ, ಸರಿಯಾಗಿ ಹೇಳಿದೆನಾ ಅಂತ ಮತ್ತೆ ಮತ್ತೆ ಹೋಗಿ ಹೇಳುತ್ತಿದ್ದರು. ಸತ್ತುಹೋಗಬೇಕು ಅನ್ನುವಷ್ಟು ಸಂಕಟ. ದೇವರು ಉತ್ತರ ಕೊಡುವ ತನಕ ಅನ್ನ ಮುಟ್ಟುವುದಿಲ್ಲ ಅಂತ ಒಂದು ವಾರ ಉಪವಾಸ ಕೂತರು. ಊಟ ಮಾಡು ಅಂತ ಕೊನೆಗೆ ಗುರುಗಳೇ ಅಪ್ಪಣೆ ಮಾಡಬೇಕಾಯಿತು. ಹಳೆಯ ಪಾಪಗಳನ್ನು ಇನ್ನು ಕೆದಕುವುದಿಲ್ಲ ಅಂತ ತೀರ್ಮಾನ ಮಾಡಿದ ಮೇಲೆಯೇ ಅವರು ಸುಧಾರಿಸಿಕೊಂಡಿದ್ದು.

ಇಂಥ ಮನುಷ್ಯನೇ ಮುಂದೆ ದಿನದ ಆತ್ಮಪರೀಕ್ಷೆಗೆ ಒಂದು ಕ್ರಮ ಬರೆದರು. ಅವರ ಧ್ಯಾನದ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆಯೂ ಸಿಕ್ಕಿತು. ಆ ಕ್ರಮದ ಮೊದಲ ಹೆಜ್ಜೆ ಪಾಪ ಹುಡುಕುವುದಲ್ಲ, ಸಿಕ್ಕಿದ್ದಕ್ಕೆಲ್ಲ ದೇವರಿಗೆ ವಂದನೆ ಹೇಳುವುದು. ನನ್ನನ್ನು ನೋಡಿಕೊಳ್ಳಲು ಬೆಳಕು ಕೊಡು ಅಂತ ಕೇಳುವುದು ಎರಡನೆಯದು. ಮೂರನೆಯದರಲ್ಲಿ ದಿನವನ್ನು ತಿರುಗಿ ನೋಡುವುದು. ಆಮೇಲೆ ಕ್ಷಮೆ, ಆಮೇಲೆ ನಾಳೆಗೆ ಒಂದು ನಿರ್ಧಾರ. ಅದೇ ಕೈಪಿಡಿಯಲ್ಲಿ ಅತಿ ಅಳುಕಿನ ಮನಸ್ಸಿನವರಿಗೆ ಅಂತಲೇ ಬೇರೆ ಟಿಪ್ಪಣಿಗಳಿವೆ. ಎರಡು ಹುಲ್ಲುಕಡ್ಡಿ ಶಿಲುಬೆಯ ಆಕಾರದಲ್ಲಿ ಬಿದ್ದಿದ್ದವು, ಒಬ್ಬ ಗೊತ್ತಿಲ್ಲದೆ ತುಳಿದ, ಅಯ್ಯೋ ಪಾಪ ಮಾಡಿದೆ ಅಂದುಕೊಂಡ. ಇದು ಅವನ ತಪ್ಪು ಎಣಿಕೆ, ಪಾಪ ಅಲ್ಲ ಅಂತ ಅಲ್ಲಿ ಬರೆದಿದ್ದಾರೆ. ಸೂಕ್ಷ್ಮ ಮನಸ್ಸಿನವರನ್ನು ಸೈತಾನನು ಇನ್ನಷ್ಟು ಸೂಕ್ಷ್ಮ ಮಾಡಿ ಕೆಡವುತ್ತಾನೆ, ಅಂಥವರು ಎಚ್ಚರಿಕೆಯಿಂದ ನಡುದಾರಿ ಹಿಡಿಯಬೇಕು ಅಂತಲೂ ಹೇಳುತ್ತಾರೆ. ನಮ್ಮವರೇ ಬೇಕು ಅಂದರೆ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಇದ್ದಾರೆ. ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಹಿರಿಯರಾದ ಸ್ಟೌಪಿಟ್ಸ್ ಅವರನ್ನು ಸುಸ್ತು ಮಾಡಿದವರು.

ಹಾಗಾಗಿ ನಿಮಗೆ ನನ್ನ ಸಲಹೆ ಇದು. ಬರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಬರೆದದ್ದನ್ನು ತಿರುಗಿ ಓದಲೂ ಬೇಡಿ. ರಾತ್ರಿ ಹತ್ತು ನಿಮಿಷ ಸಾಕು, ಗಡಿಯಾರ ನೋಡಿಯೇ ಕೂರಿ. ಅರ್ಧ ಸಮಯ ವಂದನೆಗೆ ಹೋಗಲಿ, ಅದೂ ಬಿಡಿಬಿಡಿಯಾಗಿ. ಎಲ್ಲಾದಕ್ಕೂ ಸ್ತೋತ್ರ ಅಂದುಬಿಟ್ಟರೆ ಮನಸ್ಸು ಮುಟ್ಟುವುದಿಲ್ಲ. ಮೂರನೇ ಕ್ಲಾಸಿನ ಹುಡುಗ ಇವತ್ತು ಒತ್ತಕ್ಷರ ಸರಿಯಾಗಿ ಬರೆದ, ಮಧ್ಯಾಹ್ನ ಒಳ್ಳೆ ಗಾಳಿ ಇತ್ತು, ಅತ್ತೆ ಚಹಾ ಮಾಡಿಕೊಟ್ಟರು, ಹೀಗೆ. ಉಳಿದ ಸಮಯದಲ್ಲಿ ಒಂದೇ ಒಂದು ತಪ್ಪು ನೋಡಿ. ಅದರಿಂದ ಯಾರಿಗೆ ನೋವಾಯಿತು, ನಾಳೆ ಅವರಿಗೆ ಏನು ಮಾಡಲಿ ಅಂತ ಕೇಳಿಕೊಳ್ಳಿ. ರೇಗಿದ್ದು ಒಬ್ಬ ಹುಡುಗನ ಮೇಲಾದರೆ ನಾಳೆ ಅವನ ಹೆಸರು ಹಿಡಿದು ಕರೆದು ಮಾತಾಡಿಸಿ, ನಿನ್ನೆ ಜೋರು ಮಾಡಿಬಿಟ್ಟೆ ಕಣೋ ಅನ್ನಿ. ಯಾರಿಗೂ ನೋವಾಗಿಲ್ಲ, ಸರಿಮಾಡಲು ಏನೂ ಇಲ್ಲ, ಸುಮ್ನೆ ನಾಚಿಕೆ ಮಾತ್ರ ಉಳಿದಿದೆ ಅಂದರೆ, ಬಹುಮಟ್ಟಿಗೆ ಅದು ಪಾಪದ ಸಾಲಿನದಲ್ಲ. ಈ ಅಳತೆ ಎಲ್ಲ ಕಡೆ ನಡೆಯುವುದಿಲ್ಲ, ಒಳಗೊಳಗೇ ಬೆಳೆಸುವ ದ್ವೇಷದಂಥವು ಇರುತ್ತವೆ. ಆದರೆ ನಿಮ್ಮಂಥವರಿಗೆ ಇದೇ ಸಾಕು. ತಮ್ಮನ್ನು ತಾವು ನೋಡಿಕೊಳ್ಳದೆ ಹಾಯಾಗಿ ಓಡಾಡುವವರು ಕೇಳಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಅವರು ಕೇಳುವುದಿಲ್ಲ, ಅದು ಬೇರೆ ಮಾತು.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇರುವ ಹಾಗೇ ನೆಮ್ಮದಿಯಾಗಿ ಇರಬಹುದಾ? ಇದಕ್ಕೆ ಎಲ್ಲರೂ ಫಿಲಿಪ್ಪಿ 4:11 ತೋರಿಸುತ್ತಾರೆ, ಇರುವ ಸ್ಥಿತಿಯಲ್ಲಿ ಸಂತುಷ್ಟನಾಗಿರುವುದನ್ನು ಕಲಿತುಕೊಂಡಿದ್ದೇನೆ ಅಂತ. ಒಳ್ಳೆಯ ವಚನವೇ. ಸೆರೆಯಲ್ಲಿದ್ದುಕೊಂಡು ಬರೆದದ್ದು, ಕಲಿತೆ ಅನ್ನುತ್ತಾನೆ, ಹುಟ್ಟಿನಿಂದ ಬಂತು ಅನ್ನುವುದಿಲ್ಲ. ಆದರೆ ಅಲ್ಲಿ ಮಾತು ಹಸಿವು, ಹೊಟ್ಟೆತುಂಬ ಊಟ, ಕೊರತೆ, ಸಮೃದ್ಧಿಯ ಬಗ್ಗೆ. ನಾನು ಎಂಥವಳು ಅನ್ನುವ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ವಚನ 1 ಕೊರಿಂಥ 15ರಲ್ಲಿದೆ. ನಾನು ಅಪೊಸ್ತಲರಲ್ಲಿ ಕನಿಷ್ಠನು, ದೇವರ ಸಭೆಯನ್ನು ಹಿಂಸಿಸಿದವನು ಅಂತ ಪೌಲ ಒಪ್ಪಿಕೊಳ್ಳುತ್ತಾನೆ. ತಕ್ಷಣ ಮುಂದಿನ ಉಸಿರಿನಲ್ಲೇ, ಆದರೂ ದೇವರ ಕೃಪೆಯಿಂದ ನಾನು ಏನಾಗಿದ್ದೇನೋ ಅದಾಗಿದ್ದೇನೆ ಅನ್ನುತ್ತಾನೆ. ಅಲ್ಲಿಗೂ ನಿಲ್ಲುವುದಿಲ್ಲ, ಆ ಕೃಪೆ ವ್ಯರ್ಥವಾಗಲಿಲ್ಲ, ಅವರೆಲ್ಲರಿಗಿಂತ ಹೆಚ್ಚು ದುಡಿದೆ ಅನ್ನುತ್ತಾನೆ.

ಮೂರೂ ಒಂದೇ ಮನುಷ್ಯನಲ್ಲಿ ಒಟ್ಟಿಗೆ ಇವೆ ನೋಡಿ. ಮಾಡಿದ ತಪ್ಪಿಗೆ ಬಣ್ಣ ಬಳಿಯಲಿಲ್ಲ. ಇರುವ ತನ್ನನ್ನು ಒಪ್ಪಿಕೊಂಡ. ಕೈಕಟ್ಟಿ ಕೂರಲೂ ಇಲ್ಲ. ಮೊಬೈಲಿನಲ್ಲಿ ದಿನಾ ಬರುವ 'ನೀನು ಇರುವ ಹಾಗೇ ಪರ್ಫೆಕ್ಟ್' ಅನ್ನುವ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. ನೀವು ಪರ್ಫೆಕ್ಟ್ ಅಲ್ಲ, ನಾನೂ ಅಲ್ಲ. ಸೋಮಾರಿತನಕ್ಕೂ ಸಂತೃಪ್ತಿಗೂ ಇರುವ ವ್ಯತ್ಯಾಸ ಹೀಗೆ ತಿಳಿಯುತ್ತದೆ: ಸೋಮಾರಿಯಾದವನು ಕೊಟ್ಟಿದ್ದನ್ನು ಹೂತಿಡುತ್ತಾನೆ, ತೃಪ್ತನಾದವನು ಕೊಟ್ಟಿದ್ದನ್ನೇ ಬಳಸುತ್ತಾನೆ. ಯಜಮಾನ ಆಳುಗಳಿಗೆ ತಲಾಂತು ಅನ್ನುವ ಹಣ ಒಪ್ಪಿಸಿಹೋದ ಸಾಮ್ಯದಲ್ಲಿ ಎರಡು ತಲಾಂತು ಪಡೆದವನಿಗೂ ಐದು ಪಡೆದವನಿಗೂ ಯಜಮಾನ ಹೇಳಿದ ಶಭಾಷ್ ಒಂದೇ. ಎರಡರವನು ಐದರವನ ಹಾಗೆ ಯಾಕೆ ಆಗಲಿಲ್ಲ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ನಾದಿನಿಯ ವಿಷಯ ಇಲ್ಲಿಗೇ ಸೇರುತ್ತದೆ. ಅವಳ ಹಾಡಿಗೆ ದೇವರಿಗೆ ವಂದನೆ ಹೇಳಿ, ಅವಳ ಹಾಗೆ ಆಗುವ ಪ್ರಯತ್ನ ಬಿಡಿ. ನಾನು ಮಾತುಬಲ್ಲವನಲ್ಲ ಅಂದ ಮೋಶೆಯ ನಾಲಿಗೆಯನ್ನು ದೇವರು ಸರಿಮಾಡಿದ ಅಂತ ವಿಮೋಚನಕಾಂಡ 4ರಲ್ಲಿ ಬರೆದಿಲ್ಲ. ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ಬೇರೆಯವರನ್ನು ಕಳಿಸು ಅಂದಾಗ ಅವನ ಮೇಲೆ ಸಿಟ್ಟಾದ ಅಂತಲೂ ಅಲ್ಲೇ ಇದೆ. ನನ್ನ ಸ್ವಭಾವವೇ ಹೀಗೆ ಅಂತ ಹೇಳಿ ಕೆಲಸ ತಪ್ಪಿಸಿಕೊಳ್ಳುವಂತಿಲ್ಲ. ನಿಮ್ಮ ವಿಷಯದಲ್ಲಿ ಆ ಭಯ ನನಗಿಲ್ಲ.

ನಮ್ಮ ಊರುಗಳಲ್ಲಿ ಲಿಟ್ಲ್ ಫ್ಲವರ್ ಅನ್ನುವ ಹೆಸರಿನ ಶಾಲೆ, ಕಾನ್ವೆಂಟ್ ಎಷ್ಟೋ ಇವೆ ಅಲ್ವಾ? ಆ ಹೆಸರು ಫ್ರಾನ್ಸಿನ ಲಿಸ್ಯೂ ಊರಿನ ತೆರೇಸಾ ಅವರದು. 1873ರಲ್ಲಿ ಹುಟ್ಟಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡವರು. ಹುಡುಗಿಯಾಗಿದ್ದಾಗ ನಿಮ್ಮ ಹಾಗೇ ಎಲ್ಲದರಲ್ಲೂ ಪಾಪ ಕಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ನರಳಿದವರು. ಮಠ ಸೇರಿದ ಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆ ಬರುತ್ತಿತ್ತು. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ತಂದೆತಾಯಿಗೆ ಒಂದೇ ಪ್ರೀತಿ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಮಠದ ಗೋಡೆ ದಾಟಿ ಎಲ್ಲೂ ಸುವಾರ್ತೆ ಸಾರಲು ಹೋಗದ ಅವರನ್ನು 1927ರಲ್ಲಿ ಕಥೋಲಿಕ ಸಭೆ ಮಿಷನ್ ಕೆಲಸಕ್ಕೇ ಪಾಲಕ ಸಂತರನ್ನಾಗಿ ಸಾರಿತು, ಏಷ್ಯಾ ತಿರುಗಿದ ಫ್ರಾನ್ಸಿಸ್ ಕ್ಸೇವಿಯರ್ ಅವರ ಜೊತೆಗೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಪಟ್ಟಿಯಿಂದ ನಿದ್ದೆ ಕೆಡುತ್ತಿದ್ದರೆ, ಬರೆಯದೆ ಇದ್ದರೆ ಏನೋ ಕೆಟ್ಟದ್ದಾಗುತ್ತದೆ ಅನ್ನಿಸಿದರೆ, ಕ್ಷಮೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳದೆ ಇರಲು ಆಗದಿದ್ದರೆ, ಅದು ಭಕ್ತಿ ಕಡಿಮೆಯಾದ ಗುರುತಲ್ಲ. ಓಸಿಡಿ (ಬೇಡದ ಯೋಚನೆ ಬಿಡದೆ ಕಾಡುವ, ಮಾಡಿದ್ದನ್ನೇ ಮಾಡಿಸುವ ಗೀಳು) ಅನ್ನುವ ಕಾಯಿಲೆ ದೇವರ ಭಯದ ರೂಪದಲ್ಲೂ ಬರುತ್ತದೆ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ, ಬಹಳ ಜನಕ್ಕೆ ಗುಣ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ಅಷ್ಟು ದೂರ ಬೇಡ ಅಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ, ಅಥವಾ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪ್ರಾರ್ಥನೆ ಸಾಲದೇ ಡಾಕ್ಟರ ಹತ್ತಿರ ಯಾಕೆ ಅಂತ ಸಭೆಯಲ್ಲಿ ಯಾರಾದರೂ ಅಂದರೆ, ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದ ಅಂತ ನೆನಪಿಸಿ (ಕೊಲೊಸ್ಸೆ 4:14).

ಪ್ರಾರ್ಥನಾ ಕೂಟದಲ್ಲಿ ಬಾಯಿ ಬಿಡಲೇಬೇಕು ಅಂತ ಹಿರಿಯರು ಒತ್ತಾಯ ಮಾಡಿದರೆ ಹೀಗೆ ಮಾಡಿ. ಬೈಬಲ್ ಕೈಯಲ್ಲಿ ಇಟ್ಟುಕೊಂಡು ಕೂರಿ. ನಿಮ್ಮ ಸರದಿ ಬಂದಾಗ 131ನೇ ಕೀರ್ತನೆ ತೆಗೆದು ಓದಿ. ಮೂರೇ ವಚನ. ನನ್ನ ಹೃದಯದಲ್ಲಿ ಗರ್ವವಿಲ್ಲ, ನನ್ನ ಕೈಗೆ ಮೀರಿದ್ದಕ್ಕೆ ಹೋಗುವುದಿಲ್ಲ, ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಪ್ರಾಣ ಸಮಾಧಾನವಾಗಿದೆ ಅಂತ ಅದರಲ್ಲಿ ಬರುತ್ತದೆ. ಓದಿ ಆಮೆನ್ ಅಂದು ಕೂತುಕೊಳ್ಳಿ. ಅದಕ್ಕೂ ಅವರು ಒಪ್ಪದಿದ್ದರೆ ನನ್ನ ಹತ್ತಿರ ಕಳಿಸಿ, ನಾನು ಮಾತಾಡುತ್ತೇನೆ.